ಕಪ್ಪತಗುಡ್ಡದ ಒಂದ ದಾರಿ, ಮಶೀನಿಗೊಂದು ದೂರ: ಯಾವ್ದು ನಂಬೂದ್ರಿ?

ಗದಗ_ಟೀಚರ್:

ಎಲ್ಲಾರಿಗೂ ನಮಸ್ಕಾರ್ರಿ. ನಾ ಗದಗಿನ್ಯಾಕಿ, ಹೈಸ್ಕೂಲ್‌ನ್ಯಾಗ ಕಲಸ್ತೀನಿ. ಈ ಚಳಿಗಾಲದಾಗ ಒಂಬತ್ತನೇತ್ತಾ ಹುಡುಗ್ರನ್ನ, ಬರ್ತೀವಿ ಅಂದ ಅವರ ಅಪ್ಪ-ಅವ್ವಂದ್ರನ್ನೂ ಕರ್ಕೊಂಡು ಕಪ್ಪತಗುಡ್ಡದಾಗ ಒಂದಿನದ ನಡಿಗಿ ಮಾಡಬೇಕಂತ ಐತಿ. ಗುಡ್ಡ 2019ರಿಂದ ವನ್ಯಜೀವಿ ಧಾಮ ಆಗೇತಲ್ರಿ, ಹಂಗಾಗಿ ಅರಣ್ಯ ಇಲಾಖೆಗೆ ಅರ್ಜಿ ಕೊಡೂವಾಗ ದಾರಿ ಯಾವ್ದು, ಎಷ್ಟು ಕಿ.ಮೀ., ಎಷ್ಟೊತ್ತಿಗೆ ಹೋಗಿ ಎಷ್ಟೊತ್ತಿಗೆ ಬರ್ತೀವಿ ಅನ್ನೂದೆಲ್ಲಾ ಸ್ವಚ್ಛ ಬರ್ದು ಕೊಟ್ರ ಚಲೋ ಅಂತ ನಮಗನ ಅನಸ್ತು. ಮನಿಗೆ ಕಳಸೂ ಚೀಟಿಯೊಳಗೂ ದೂರ ಹಾಕಬೇಕು, ಯಾಕಂದ್ರ ಮಂಡಿ ನೋವಿನ ತಾಯಂದ್ರು ಅದನ್ನ ನೋಡೇ ಬರೂದೋ ಬ್ಯಾಡೋ ಅಂತ ತೀರ್ಮಾನ ಮಾಡ್ತಾರ.

ಅದಕ್ಕ ಮೊದ್ಲ ನಾವು ಮೂರ್ನಾಕ್ ಮಂದಿ ಶಿಕ್ಷಕ್ರು ಪರವಾನಗಿ ತಗೊಂಡು, ದಾರಿ ಗೊತ್ತಿದ್ದೋರನ್ನ ಜೋಡಿ ಕರ್ಕೊಂಡು, ಡೋಣಿ ಕಡಿಂದ ಹತ್ತಿ ಗುಡ್ಡದ ಬೆನ್ನ ಮ್ಯಾಲ ಗಾಳಿ ಫ್ಯಾನಿನ ಸಾಲು ಕಾಣೂ ತನಕ ನಡದು ಬ್ಯಾರೆ ಸೀಳುದಾರಿ ಹಿಡದು ಇಳದ್ವಿ. ಒಬ್ಬರ ಕೈಯಾಗ ಬಟನ್ನಿನ ಹ್ಯಾಂಡ್‌ಹೆಲ್ಡ್ ಜಿಪಿಎಸ್ ಇತ್ತು, ಅದರ ಪರದೆ ಮ್ಯಾಲ ಕಡೀಕ 12.3 ಕಿ.ಮೀ. ಬಂತು. ಅದ ಮಶೀನಿನ ಟ್ರ್ಯಾಕ್ (ನಡದ ದಾರಿಯ ಗೆರಿ) ಮನಿಗೆ ಬಂದು ಕಂಪ್ಯೂಟರಿಗೆ ಹಾಕಿದ್ರ 11.6! ನನ್ನ ಫೋನಿನ ಆ್ಯಪ್ 13.4 ಅಂತು. ಪಿಟಿ ಮಾಸ್ತರ್ ವಾಚು, ಬ್ಯಾಟರಿ ಉಳಿಸೂ ಮೋಡ್‌ದಾಗ ಇತ್ತಂತ, 10.9. ಇನ್ನ ನಾ ಉಪಗ್ರಹದ ಚಿತ್ರದ ಮ್ಯಾಲ ಮೌಸ್ ಹಿಡದು ಗೆರಿ ಎಳದು ನೋಡಿದ್ರ 10.7 ಅಷ್ಟ.

ಇಷ್ಟ ಫರಕ್ ಯಾಕ್ರಿ? ಏರು ಇಳುವು ಲೆಕ್ಕಕ್ಕ ತಗೋಳೂದಿಲ್ಲೇನು ಇವು? ಎಲ್ಲಾ ಕೂಡ್ಸಿ ಭಾಗಾಕಾರ ಮಾಡಿದ್ರ ನಡೀತೈತೋ, ಇಲ್ಲಾ ದುಡ್ಡಿನ ಮಶೀನು ಅಂತ ಹ್ಯಾಂಡ್‌ಹೆಲ್ಡನ್ನ ನಂಬಬೇಕೋ? ತಿಳದೋರು ಬಿಡಿಸಿ ಹೇಳ್ರಿ.

ನಕ್ಷೆ_ಧಾರವಾಡ:

ಮೇಡಂ, ನನ್ನ ಹೊಟ್ಟಿಪಾಡೇ ನಕ್ಷೆ ಕೆಲಸ ಅದ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ. ಭಾಗಾಕಾರ ಅಂತೂ ಮಾಡಬ್ಯಾಡ್ರಿ, ಯಾಕಂದ್ರ ಈ ಐದೂ ಅಂಕಿ ಒಂದ ರೀತಿ ತಪ್ಪಿಲ್ಲ, ಕೆಲವು ಹೆಚ್ಚಿನ ಕಡೆ ತಪ್ಪ್ಯಾವ, ಕೆಲವು ಕಡಿಮಿ ಕಡೆ, ಯಾವ್ದು ಯಾಕ ಅನ್ನೂದು ತಿಳದ್ರ ಉತ್ತರ ತಾನ ಸಿಗ್ತದ.

ಜಿಪಿಎಸ್ ಹೇಳೂದು ಜಾಗಾ. ಸುಮಾರು 20,200 ಕಿ.ಮೀ. ಎತ್ತರದಾಗ ತಿರಗೂ ಉಪಗ್ರಹದಿಂದ ಸಿಗ್ನಲ್ ಹೊಂಟು ನಿಮ್ಮ ಕೈಗೆ ಮುಟ್ಟಾಕ ಎಷ್ಟೊತ್ತು ಹಿಡೀತು ಅಂತ ನೋಡಿ, ಕಡಿಮಿ ಅಂದ್ರ ನಾಲ್ಕು ಉಪಗ್ರಹದ ಲೆಕ್ಕ ಹಿಡದು, ಈಗ ನೀವು ಇಲ್ಲಿದ್ದೀರಿ ಅಂತ ಒಂದು ಚುಕ್ಕಿ ಇಡ್ತದ. ಸಿಗ್ನಲ್ ಒಂದು ಮೈಕ್ರೋಸೆಕೆಂಡಿನ್ಯಾಗ 300 ಮೀಟರ್ ಓಡ್ತದ ಅಂದ್ರ ಈ ಲೆಕ್ಕ ಎಷ್ಟು ಸೂಕ್ಷ್ಮ ಅನ್ನೂದು ನೀವ ನೋಡ್ರಿ. ಬೈಲಿನ್ಯಾಗ, ಆಕಾಶ ಪೂರಾ ಕಾಣೂವಲ್ಲಿ, ಒಳ್ಳೇ ಫೋನಿನ ಚುಕ್ಕಿ ಸಾಮಾನ್ಯ 5 ಮೀಟರ್ ಒಳಗ ಇರ್ತದ. ಆ ಚುಕ್ಕಿಗಳ ನಡಕ ಗೆರಿ ಎಳದು, ಗೆರಿಗಳ ಉದ್ದ ಕೂಡಿಸಿದ್ರ ಅದ ನಿಮ್ಮ ಕಿ.ಮೀ. ಅಂದ್ರ ದೂರ ಅನ್ನೂದು ಸಾವಿರಾರು ಅಂದಾಜಿನ ಜಾಗಾದ ಮೊತ್ತ.

ಈಗ ಫೋನಿನ ಕತಿ. ಗುಡ್ಡದಾಗ ನಿಮ್ಮ ನಡಿಗಿ ತಾಸಿಗೆ 4 ಕಿ.ಮೀ. ಅಂತ ಹಿಡೀರಿ, ಸೆಕೆಂಡಿಗೆ 1.1 ಮೀಟರ್. ಆ್ಯಪ್ ಸೆಕೆಂಡಿಗೊಂದು ಚುಕ್ಕಿ ಇಟ್ರ ಎರಡು ಚುಕ್ಕಿ ನಡಕ ಖರೇ ಅಂತರ 1.1 ಮೀಟರ್. ಪ್ರತಿ ಚುಕ್ಕಿ ಉತ್ತರ-ದಕ್ಷಿಣಕ್ಕ, ಪೂರ್ವ-ಪಶ್ಚಿಮಕ್ಕ ಬರೇ ಅರ್ಧ ಅರ್ಧ ಮೀಟರ್ ತನಗ ಬೇಕಾದಂಗ ಅಲಗಾಡ್ತದ ಅಂದ್ಕೊಂಡ್ರೂ ವರ್ಗ ಮಾಡಿ ಕೂಡಿಸಿದ್ರ (1.1ರ ವರ್ಗ 1.21, ಎರಡೂ ಚುಕ್ಕಿಯ ನಾಲ್ಕು ಅರ್ಧ ಮೀಟರಿನ ವರ್ಗ ಕೂಡಿ 1, ಎರಡರ ಮೊತ್ತದ ವರ್ಗಮೂಲ) ಹತ್ರ ಹತ್ರ ಒಂದೂವರಿ ಮೀಟರ್ ಬರ್ತದ. ಮೂರರಾಗ ಒಂದ ಪಾಲು ಹೆಚ್ಚಿಗಿ! ಅಲಗಾಟ ಎಡಕ್ಕಾಗ್ಲಿ ಬಲಕ್ಕಾಗ್ಲಿ, ಗೆರಿ ಡೊಂಕಾಗಿ ಉದ್ದನ ಆಗ್ತದ, ಒಂದು ತಪ್ಪು ಇನ್ನೊಂದನ್ನ ಹೊಡದು ಹಾಕೂದಿಲ್ಲ. ಅದ ಚುಕ್ಕಿ ಹತ್ತು ಸೆಕೆಂಡಿಗೊಂದು ಇಟ್ರ ಖರೇ ಅಂತರ 11 ಮೀಟರ್, ಲೆಕ್ಕದಾಗ 11.05, ಅರ್ಧ ಪರ್ಸೆಂಟೂ ಹೆಚ್ಚಾಗೂದಿಲ್ಲ. ನಿಜದಾಗ ಸೆಕೆಂಡಿಗೊಂದು ಇಟ್ರೂ ಅಷ್ಟು ಕೆಡೂದಿಲ್ಲ ಅನ್ನೂದು ಖರೆ, ಯಾಕಂದ್ರ ಒಂದು ಸೆಕೆಂಡಿನ ತಪ್ಪು ಮುಂದಿನ ಸೆಕೆಂಡಿಗೂ ಬಹುತೇಕ ಅದ ದಿಕ್ಕಿಗೆ ಇರ್ತದ, ಮತ್ತ ಮಶೀನಿನೊಳಗ ಅದನ್ನ ನಯ ಮಾಡೂ ಲೆಕ್ಕ ಬ್ಯಾರೆ ಇರ್ತದ. ಆದ್ರ ಗಿಡದ ಕೆಳಗ, ಬಂಡಿಗಲ್ಲಿನ ಮಗ್ಗಲಾಗ ಸಿಗ್ನಲ್ ಬಡದು ತಿರುಗಿ ಬರೂದಿದ್ರ ಅಲಗಾಟ ಏರ್ತದ.

ಇನ್ನೊಂದು ಮುಖ್ಯ ಮಾತು, ನೀವು ಊಟಕ್ಕ ಕುಂತಾಗ ಆ್ಯಪ್ ನಿಲ್ಲಿಸಿದ್ರೇನು? ನಿಲ್ಲಸಲಿಲ್ಲ ಅಂದ್ರ ಫೋನು ಬುತ್ತಿ ಮಗ್ಗಲಾಗ ಇದ್ರೂ ಚುಕ್ಕಿ ಮಾತ್ರ ಗೂಟಕ್ಕ ಕಟ್ಟಿದ ಆಕಳದಂಗ ಸುತ್ತಾಡಕೋತ ಇರ್ತದ, ಅಷ್ಟೂ ದೂರ ನಿಮ್ಮ ಲೆಕ್ಕಕ್ಕ ಬಿತ್ತು. ನಿಮ್ಮ 13.4ರಾಗ ದೊಡ್ಡ ಪಾಲು ಅದ ಇರಬೇಕು ಅಂತ ನನ್ನ ಅನಿಸಿಕೆ.

ವಾಚಿಂದು ಉಲ್ಟಾ. ಬ್ಯಾಟರಿ ಉಳಿಸೂ ಮೋಡ್‌ದಾಗ ಕೆಲವು ವಾಚು ನಿಮಿಷಕ್ಕೊಂದು ಚುಕ್ಕಿ ಇಡ್ತಾವ, ನಿಮಿಷಕ್ಕ ನೀವು 67 ಮೀಟರ್ ನಡೀತೀರಿ, ಅಷ್ಟರಾಗ ಕಾಲ್ದಾರಿ ಎರಡು ಸಲ ಹೊಳ್ಳಿರ್ತದ, ವಾಚು ಮಾತ್ರ ಈ ತುದಿಯಿಂದ ಆ ತುದಿಗೆ ಸೀದಾ ಗೆರಿ ಎಳೀತದ. ಮೌಸ್ ಹಿಡದು ನೀವು ಎಳದ ಗೆರಿನೂ ಅದ ಜಾತಿದು. ಈ ಎರಡೂ ಯಾವಾಗ್ಲೂ ಕಡಿಮಿನ ಹೇಳ್ತಾವ.

ಹ್ಯಾಂಡ್‌ಹೆಲ್ಡಿನ ಎರಡು ಅಂಕಿ ನೋಡಿ ಗಾಬರಿ ಆಗಬ್ಯಾಡ್ರಿ. ಪರದೆ ಮ್ಯಾಲಿನ ಟ್ರಿಪ್ ಮೀಟರ್ ನಡಿಯೂವಾಗ ಆ ಕ್ಷಣಕ್ಕ ಸಿಕ್ಕ ಎಲ್ಲಾ ಮಾಹಿತಿ ಹಿಡದು ದೂರ ಕೂಡಿಸ್ಕೋತ ಹೋಗ್ತದ, ಸೇವ್ ಆಗೂ ಟ್ರ್ಯಾಕ್‌ದಾಗ ಚುಕ್ಕಿ ಕಡಿಮಿ ಇರ್ತಾವ, ಹಂಗಾಗಿ ಎರಡೂ ಕೂಡೂದಿಲ್ಲ. ನಿಮ್ಮ ಖರೇ ದೂರ ಆ ಎರಡರ ನಡಕ ಎಲ್ಲೋ ಅದ ಅಂತ ನಾ ಹೇಳ್ತೀನಿ. ಫೋನಿನ ಜಿಪಿಎಕ್ಸ್ ಫೈಲ್ (ಚುಕ್ಕಿ ಎಲ್ಲಾ ಉಳಿಸಿಟ್ಟ ಫೈಲ್) ತಗದು, ಊಟದ ಹೊತ್ತು ಕತ್ತರಿಸಿ, ಚುಕ್ಕಿ ಹತ್ತು ಸೆಕೆಂಡಿಗೊಂದು ಉಳಿಸ್ಕೊಂಡು ಮತ್ತ ಅಳದು ನೋಡ್ರಿ.

ಹಳೇ_ಚೈನು (ಹಾವೇರಿ):

ತಂಗೀ, ನಾ ಭೂಮಾಪನ ಇಲಾಖೆದಾಗ ಇದ್ದು ರಿಟೈರ್ ಆದಾಂವ. ಧಾರವಾಡದವರು ಚುಕ್ಕಿ ಲೆಕ್ಕ ಚಲೋ ಬಿಡಿಸಿ ಹೇಳ್ಯಾರ, ನೀ ಕೇಳಿದ್ದ ಏರು ಇಳುವಿನ ಮಾತು ಮಾತ್ರ ಉಳೀತು, ಅದು ನನ್ನ ಕಸಬು.

ನಾವು ಹೊಲ ಅಳಿತಿದ್ದದ್ದು 33 ಫೂಟಿನ ಚೈನಿನಿಂದ, ಅದಕ್ಕ 16 ಆಣೆ, ಅಂದ್ರ 16 ಪಾಲು. ಆ ಚೈನು ಉದ್ದ ಒಂದು, ಅಗಲ ಒಂದು ಆದ್ರ ಒಂದು ಗುಂಟೆ, 40 ಗುಂಟೆಗೆ ಎಕರೆ. ಗುಡ್ಡದ ವಾರಿಗಿ ಹೊಲ ಬಂತಂದ್ರ ಚೈನನ್ನ ನೆಲಕ್ಕ ಹಾಸ್ತಿದ್ದಿಲ್ಲ, ಮಟ್ಟಸ ಹಿಡದು ಮೆಟ್ಲ ಮೆಟ್ಲ ಇಳಿಸ್ಕೋತ ಹೋಗ್ತಿದ್ವಿ, ಯಾಕಂದ್ರ ನಕ್ಷೆದಾಗ ಬರೂದು ಮಟ್ಟಸ ದೂರ, ಇಳಿಜಾರಿನ ದೂರ ಅಲ್ಲ. ನಿನ್ನ ಮಶೀನಿನ್ಯಾಗ ಬಹಳಷ್ಟು ಹಂಗ ಮಟ್ಟಸ ದೂರನ ಲೆಕ್ಕ ಹಿಡೀತಾವು. ಹಂಗಾರ ಇಳಿಜಾರಿಂದ ಎಷ್ಟು ಹೆಚ್ಚಾಗ್ತೈತಿ ಅಂತಿ? ಮಂದಿ ತಿಳ್ಕೊಂಡಷ್ಟು ಏನೂ ಇಲ್ಲ. 100 ಮೀಟರಿಗೆ 10 ಮೀಟರ್ ಏರಿದ್ರ ಕಾಲಿಗೆ ಸಾಕಷ್ಟು ತ್ರಾಸು, ಆದ್ರ ದೂರ 100.5 ಮೀಟರ್ ಅಷ್ಟ. 20 ಏರಿದ್ರ 102. ಮೂರಕ್ಕ ಒಂದು ಏರು, ಅಂದ್ರ ಕೈ ಊರಿ ಹತ್ತೂವಂಥಾದ್ದು, ಅದಕ್ಕೂ ಬರೇ 5 ಪರ್ಸೆಂಟ್ ಹೆಚ್ಚು. ನಿಮ್ಮ ದಾರಿಯಾಗ 400 ಮೀಟರ್ ಏರು ಐತಿ, ಅದೂ ಎಲ್ಲಾ 2 ಕಿ.ಮೀ. ಒಳಗ ಬಂತು ಅಂತ ಹಿಡದ್ರೂ ಹೆಚ್ಚಾಗೂದು 40 ಮೀಟರ್ ಆಜೂಬಾಜೂ. ಹೋಗಿ ಬರೂದು ಕೂಡಿಸಿ 80. ನಿನ್ನ ಅಂಕಿಗಳ ನಡಕ ಎರಡೂವರಿ ಕಿ.ಮೀ. ಫರಕ್ ಐತಿ, ಅದಕ್ಕ ಏರು ಕಾರಣ ಅಲ್ಲವಾ.

ಕೈಯಾಗಿನ ಜಿಪಿಎಸ್ ನಾ ಮೊದ್ಲ ನೋಡಿದ ಕಾಲಕ್ಕ ಅಮೆರಿಕದವರು ಬೇಕಂತನ ಸಿಗ್ನಲ್ ಕೆಡಿಸಿ ಬಿಡ್ತಿದ್ರು, 100 ಮೀಟರ್ ತನಕ ತಪ್ಪು ಬರ್ತಿತ್ತು. 2000ದ ಮೇ ತಿಂಗಳಾಗ ಅದನ್ನ ತಗದ್ರು, ಆವಾಗಿಂದ ಇವು ಸಾಮಾನ್ಯ ಮಂದಿ ಕೈಯಾಗ ಉಪಯೋಗಕ್ಕ ಬಂದ್ವು. ಈಗ ಇಲಾಖೆದವ್ರು ರೋವರ್ ಅನ್ನೂ ಸರ್ವೆ ಮಶೀನು ಹಿಡದು ಸೆಂಟಿಮೀಟರ್ ಲೆಕ್ಕದಾಗ ಅಳೀತಾರ. ಅದಕ್ಕೂ ನಿನ್ನ ಹ್ಯಾಂಡ್‌ಹೆಲ್ಡಿಗೂ ಭಾಳ ಅಂತರ ಐತಿ, ರೋವರಿಗೆ ನೆಲದ ಮ್ಯಾಲ ಖಾಯಂ ಕುಂತ ಸ್ಟೇಶನ್ನಿನ ತಿದ್ದುಪಡಿ ಸಿಗ್ತೈತಿ.

ಉಣಕಲ್_ಕೆರಿದಂಡಿ:

ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಮೇಡಂ, ಈಗಿನ ಫೋನ್ ಸಾಕು, ಹ್ಯಾಂಡ್‌ಹೆಲ್ಡ್ ಗೀಹೆಲ್ಡ್ ಎಲ್ಲಾ ಹಳೇ ಕಾಲದ್ದು. ನಂದು ಡ್ಯುಯಲ್ ಫ್ರೀಕ್ವೆನ್ಸಿ ಫೋನ್ ಐತಿ, ಕೆರಿ ಸುತ್ತ ಪ್ರತಿ ಸಲ ಒಂದ ಅಂಕಿ ತೋರಸ್ತೈತಿ. ಮತ್ತ ಸುರಕ್ಷಿತ ಇರ್ಲಿ ಅಂತ ಎಲ್ಲಕ್ಕಿಂತ ದೊಡ್ಡ ಅಂಕಿ 13.4 ಹಾಕಿಬಿಡ್ರಿ, ಕಡಿಮಿ ಆದ್ರ ಯಾರೂ ಬೈಯೂದಿಲ್ಲ.

ಹುಬ್ಬಳ್ಳಿ_ಓಟಗಾರ:

ಮ್ಯಾಲಿನವ್ರ ಮಾತಿಗೆ ಅರ್ಧ ಒಪ್ತೀನಿ ಅರ್ಧ ಇಲ್ಲ. ಡ್ಯುಯಲ್ ಫ್ರೀಕ್ವೆನ್ಸಿ ಅಂದ್ರ ಎಲ್‌1 ಜೋಡಿ ಎಲ್‌5 ಅನ್ನೂ ಎರಡನೇ ಫ್ರೀಕ್ವೆನ್ಸಿ ಸಿಗ್ನಲ್ಲೂ ಹಿಡಿಯೂದು, 2018ರಿಂದ ಫೋನಿನ್ಯಾಗ ಬರಾಕತ್ತೈತಿ, ಬಡದು ತಿರುಗಿ ಬಂದ ಸಿಗ್ನಲ್ ಯಾವ್ದು ಸೀದಾ ಬಂದಿದ್ದು ಯಾವ್ದು ಅಂತ ಗುರ್ತು ಹಿಡಿಯಾಕ ಅದು ಖರೇನ ಭಾಳ ಉಪಯೋಗ. ನಮ್ಮ ದೇಶದ ನಾವಿಕ್ ಉಪಗ್ರಹನೂ ಎಲ್‌5 ಮ್ಯಾಲ ಕಳಸ್ತಾವು. ಆದ್ರ ಎಷ್ಟು ಚಲೋ ಚಿಪ್ ಇದ್ರೂ ಫೋನನ್ನ ಪ್ಯಾಂಟ್ ಕಿಸೆದಾಗ ಇಟ್ಕೊಂಡು ನಡದ್ರ ಅರ್ಧ ಆಕಾಶ ನಮ್ಮ ಮೈನ ಮುಚ್ಚತೈತಿ, ಮೈಯಾಗ ನೀರಿನಂಶ ಹೆಚ್ಚು, ಸಿಗ್ನಲ್ ಅದನ್ನ ದಾಟಿ ಬರೂದು ಕಷ್ಟ. ಬ್ಯಾಗಿನ ಹೆಗಲಪಟ್ಟಿ ಮ್ಯಾಲ ಇಲ್ಲಾ ಬ್ಯಾಗಿನ ನೆತ್ತಿ ಕಿಸೆದಾಗ ಇಡ್ರಿ. ಹ್ಯಾಂಡ್‌ಹೆಲ್ಡಿನ ಲಾಭ ಅಂದ್ರ ಆಂಟೆನಾ ದೊಡ್ಡದು, ಸೆಲ್ ಬದಲ್ ಮಾಡಬಹುದು, ಬಿಸಲಾಗ ಪರದೆ ಕಾಣಸ್ತೈತಿ, ಕೈಯಿಂದ ಬಿದ್ರೂ ತಡೀತೈತಿ. ಗುಂಪು ಕರ್ಕೊಂಡು ಹೋಗೂವಾಗ ಇವೆಲ್ಲಾ ಸಣ್ಣ ಮಾತಲ್ಲ, ಫೋನು ಬ್ಯಾಟರಿ ಸತ್ರ ಕರೆ ಮಾಡೂದೂ ಹೋತು.

ಮತ್ತ ದೊಡ್ಡ ಅಂಕಿ ಹಾಕ್ರಿ ಅನ್ನೂದಕ್ಕ ನನ್ನ ಒಪ್ಪಿಗಿ ಇಲ್ಲ. 13.4 ಅಂತ ಓದಿ ನಡಿಯೂ ತಾಕತ್ತು ಇದ್ದಾಕಿನೂ ಬ್ಯಾಡ ಅಂತ ಮನ್ಯಾಗ ಕುಂತ್ರ ಅದೂ ನಷ್ಟನ ಅಲ್ರಿ.

ಮಶೀನು ಎಷ್ಟು ಖರೇ ಅಂತ ನೀವ ಪರೀಕ್ಷಾ ಮಾಡ್ರಿ, ಖರ್ಚಿಲ್ಲ. 400 ಮೀಟರ್ ಟ್ರ್ಯಾಕ್ ಇದ್ದಲ್ಲಿ, ಧಾರವಾಡದ ಆರ್.ಎನ್. ಶೆಟ್ಟಿ ಸ್ಟೇಡಿಯಂದಂಥಲ್ಲಿ, ಒಳಗಿನ ಮೊದಲನೇ ಲೇನ್‌ದಾಗ ಹತ್ತು ಸುತ್ತು ಹಾಕಿದ್ರ 4 ಕಿ.ಮೀ., ಎಲ್ಲಾ ಮಶೀನು ಒಬ್ಬರ ಹೊತ್ಕೊಂಡು ಹಾಕಬೇಕು. ಲೇನ್ ಮಾತ್ರ ಬಿಡಬ್ಯಾಡ್ರಿ, ಎಂಟನೇ ಲೇನ್‌ದಾಗ ಒಂದ ಸುತ್ತು ಸುಮಾರು 453 ಮೀಟರ್ ಆಗ್ತೈತಿ. ಟ್ರ್ಯಾಕ್‌ದಾಗ ಅರ್ಧಕ್ಕಿಂತ ಹೆಚ್ಚು ದಾರಿ ತಿರುವ ಇರೂದ್ರಿಂದ ನಿಮಿಷಕ್ಕೊಂದು ಚುಕ್ಕಿ ಇಡೂ ವಾಚಿನ ಗುಣ ಅಲ್ಲಿ ಲಗೂ ಗೊತ್ತಾಗ್ತೈತಿ. ಅದರ ಜೋಡಿ ಸೀದಾ ರಸ್ತೆದಾಗೂ ಒಂದು ಪರೀಕ್ಷಾ ಬೇಕು, ಗಾಡಿ ಕಡಿಮಿ ಇರೂ ಹಳ್ಳಿ ರಸ್ತೆದಾಗ ಅಳತಿ ಗಾಲಿ ಉರಳಿಸಿ ಒಂದು ಕಿ.ಮೀ. ಗುರ್ತು ಹಾಕ್ಕೊಂಡು ಮಾಡ್ರಿ. ಎರಡರಾಗೂ ಯಾವ್ದು ಒಂದ ಕಡೆ ತಪ್ಪತೈತಿ ಅಂತ ತಿಳೀತು ಅಂದ್ರ ಗುಡ್ಡದ ಅಂಕಿ ನೋಡೂದು ಸುಲಭ.

ಮ್ಯಾರಥಾನ್ ಓಡೂ ಮಂದಿಗೆ ಇದು ದಿನದ ಜಗಳ. ಪ್ರಮಾಣಿತ ಕೋರ್ಸನ್ನ ಜಿಪಿಎಸ್‌ನಿಂದ ಅಳಿಯೂದ ಇಲ್ಲ, ಸೈಕಲ್ ಗಾಲಿಗೆ ಕೌಂಟರ್ ಕಟ್ಟಿ, ಟೇಪಿನಿಂದ ಅಳದ ದೂರದ ಮ್ಯಾಲ ಅದನ್ನ ತಾಳೆ ನೋಡಿ, ತಿರುವಿನ್ಯಾಗ ಎಲ್ಲಕ್ಕಿಂತ ಸಣ್ಣ ದಾರಿ ಹಿಡದು ಅಳೀತಾರ. ಅಷ್ಟಾದ ಮ್ಯಾಲೂ ಕಡಿಮಿ ಬೀಳಬಾರ್ದು ಅಂತ ಕಿ.ಮೀ.ಗೆ ಒಂದು ಮೀಟರ್ ಹೆಚ್ಚಿಗಿ ಕೊಡ್ತಾರ. ಓಡಿದವ್ರ ವಾಚಿನ್ಯಾಗ ಮಾತ್ರ 42.195 ಬದ್ಲಿ 42.5 ಬಂದಿರ್ತೈತಿ, ಒಂದು, ಅವರು ತಿರುವಿನ ಒಳ ಅಂಚು ಹಿಡದು ಓಡಿರೂದಿಲ್ಲ, ಎರಡು, ಧಾರವಾಡದವ್ರು ಹೇಳಿದ ಚುಕ್ಕಿ ಅಲಗಾಟ.

ಇನ್ನೊಂದು ನೆನಪಿಡ್ರಿ, ಮಶೀನ್ ಚಾಲೂ ಮಾಡಿದ ಕೂಡ್ಲೇ ನಡಿಯಾಕ ಹತ್ತಬ್ಯಾಡ್ರಿ. ಉಪಗ್ರಹ ತನ್ನ ಪಥದ ಮಾಹಿತಿ ಕಳಸಾಕನ ಅರ್ಧ ನಿಮಿಷ ತಗೋತೈತಿ, ಭಾಳ ದಿನ ಬಂದ್ ಇದ್ದ ಹ್ಯಾಂಡ್‌ಹೆಲ್ಡಿಗೆ ಎಲ್ಲಾ ಉಪಗ್ರಹದ ಪಟ್ಟಿ ಪೂರಾ ಇಳಿಯಾಕ ಹನ್ನೆರಡೂವರಿ ನಿಮಿಷ ಬೇಕು. ಬೈಲಿನ್ಯಾಗ ಇಟ್ಟು ಹಾಜರಿ ತಗೊಂಡು, ನೀರಿನ ಬಾಟ್ಲಿ ತುಂಬಿಸ್ಕೊಂಡು ಹೊಂಡೂವಷ್ಟರಾಗ ಅದು ತಯಾರ್ ಆಗಿರ್ತೈತಿ. ಸೆಟ್ಟಿಂಗ್‌ದಾಗ ವಾಸ್ (WAAS) ಅಂತ ಇದ್ರ ಆನ್ ಇಡ್ರಿ, ನಮ್ಮ ಕಡೆ ಇಸ್ರೋ ಮತ್ತ ವಿಮಾನ ನಿಲ್ದಾಣ ಪ್ರಾಧಿಕಾರದವ್ರು ನಡಸೂ ಗಗನ್ ತಿದ್ದುಪಡಿ ಅದರಿಂದನ ಸಿಗೂದು.

ಗದಗ_ಟೀಚರ್:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಸರ್ರ (ಧಾರವಾಡದವ್ರು), ನೀವು ಹೇಳಿದಂಗ ಫೋನಿನ ಫೈಲ್ ತಗದು ನೋಡಿದೆ. ಊಟಕ್ಕ ಕುಂತ ಜಾಗಾದಾಗ ಗೆರಿಗಳ ಗೂಡು ಕಟ್ಟಿತ್ತು! ಒಂದು ದೊಡ್ಡ ಬಂಡಿ ನೆರಳಿನ್ಯಾಗ ಒಂದು ತಾಸಿಗಿಂತ ಹೆಚ್ಚಿಗಿ ಕುಂತಿದ್ವಿ, ಅದನ್ನಷ್ಟ ಕತ್ತರಿಸಿದ ಮ್ಯಾಲ 13.4 ಇದ್ದದ್ದು 12.5ಕ್ಕ ಇಳೀತು, ಹತ್ತು ಸೆಕೆಂಡಿಗೊಂದು ಚುಕ್ಕಿ ಉಳಿಸಿದ್ರ 12 ಚಿಲ್ರೆ ಬಂತು. ಹುಡುಗ್ರಿಗೆ ವರ್ಗಮೂಲ ಕಲಸೂವಾಗ ಇದನ್ನ ಉದಾಹರಣಿ ಕೊಡ್ಬೇಕು ಅಂತ ತೀರ್ಮಾನ ಮಾಡೇನಿ, ಪುಸ್ತಕದಾಗಿನ ಲೆಕ್ಕಕ್ಕಿಂತ ಇದು ಅವರ ಮನಸ್ಸಿಗೆ ನಾಟತೈತಿ.

ಹಿರಿಯಾರ (ಹಾವೇರಿಯವ್ರು), ಏರಿನ ಬಗ್ಗೆನೂ ಒಂದು ಕೇಳೂದು ಉಳೀತ್ರಿ. ಒಟ್ಟು ಏರು ಹ್ಯಾಂಡ್‌ಹೆಲ್ಡ್ 410 ಮೀಟರ್ ಅಂತೈತಿ, ಫೋನು 690 ಅಂತೈತಿ. ದೂರ ಹತ್ರ ಹತ್ರ ಕೂಡಿದ್ರೂ ಏರು ಯಾಕ ಇಷ್ಟು ತಪ್ಪಬೇಕು? ಮತ್ತ ಬರೂ ಹೊತ್ತಿಗೆ ಹೊಂಟ ಜಾಗಾಕ್ಕ ಬಂದ್ರೂ ಹ್ಯಾಂಡ್‌ಹೆಲ್ಡಿನ್ಯಾಗ ಎತ್ತರ ಮುಂಜಾನೆಕಿಂತ 25 ಮೀಟರ್ ಹೆಚ್ಚಿಗಿ ಇತ್ತು, ನಾವೇನು ಬ್ಯಾರೆ ಕಡೆ ಇಳದಿಲ್ಲ, ಅದ ಗಿಡದ ಕೆಳಗ ಬಂದು ನಿಂತ್ವಿ.

ನಕ್ಷೆ_ಧಾರವಾಡ:

ಆ 25 ಮೀಟರಿನ ಕಾರಣ ಭಾಳ ಚಂದ ಅದ ಮೇಡಂ, ಹಿರಿಯಾರು ಬರಿಯೂಕಿಂತ ಮೊದ್ಲ ನಾ ಹೇಳಿಬಿಡ್ತೀನಿ. ನಿಮ್ಮ ಹ್ಯಾಂಡ್‌ಹೆಲ್ಡಿನೊಳಗ ಬ್ಯಾರೋಮೀಟರ್ ಅದ, ಗಾಳಿ ಒತ್ತಡ ಕಡಿಮಿ ಆದ್ರ ಮ್ಯಾಲ ಹತ್ತೀರಿ ಅಂತ ತಿಳ್ಕೋತದ. ನಮ್ಮಂಥ ಉಷ್ಣ ಪ್ರದೇಶದಾಗ ಹವಾ ಏನೂ ಬದಲಾಗದಿದ್ರೂ ಒತ್ತಡ ದಿನಕ್ಕ ಎರಡು ಸಲ ಏರಿ ಇಳೀತದ, ಮುಂಜಾನೆ ಹತ್ತರ ಸುಮಾರಿಗೆ ಹೆಚ್ಚು, ಸಂಜಿ ನಾಲ್ಕರ ಸುಮಾರಿಗೆ ಕಡಿಮಿ, ಫರಕ್ ಹತ್ರ ಹತ್ರ 3 ಮಿಲಿಬಾರ್. ನಮ್ಮ ಎತ್ತರದಾಗ ಒಂದು ಮಿಲಿಬಾರಿಗೆ ಸುಮಾರು 9 ಮೀಟರ್ ಲೆಕ್ಕ. ಗುಣಸಿ ನೋಡ್ರಿ, ನಿಮ್ಮ 25 ಮೀಟರ್ ಅಲ್ಲೇ ಅದ. ಅದಕ್ಕ ಎತ್ತರ ಗೊತ್ತಿದ್ದ ಜಾಗಾದಾಗ, ರೈಲ್ವೆ ಸ್ಟೇಶನ್ನಿನ ಹೆಸರಿನ ಬೋರ್ಡ್ ಮ್ಯಾಲ ಬರದಿರ್ತದಲ್ಲ ಸಮುದ್ರ ಮಟ್ಟದಿಂದ ಎಷ್ಟು ಅಂತ, ಅಂಥಲ್ಲಿ ಹೊಂಡೂ ದಿನನ ಹೊಂದಿಸ್ಕೋಬೇಕು.

ಫೋನಿನ 690 ಮಾತ್ರ ಅಲಗಾಟದ ಫಲ. ಉಪಗ್ರಹ ಎಲ್ಲಾ ನಮ್ಮ ತಲಿ ಮ್ಯಾಲಿನ ಕಡೆನ ಇರ್ತಾವ, ಕಾಲ ಕೆಳಗ ಒಂದೂ ಸಿಗೂದಿಲ್ಲ, ಹಂಗಾಗಿ ಎತ್ತರದ ತಪ್ಪು ಅಡ್ಡ ತಪ್ಪಿಗಿಂತ ಯಾವಾಗ್ಲೂ ಹೆಚ್ಚು, ಬಹಳ ಸಲ ಒಂದೂವರಿಪಟ್ಟು ಎರಡುಪಟ್ಟು. ಮೂರು ಮೀಟರ್ ಮ್ಯಾಲ ಮೂರು ಮೀಟರ್ ಕೆಳಗ ಅಂತ ಆಡೂ ಚುಕ್ಕಿಯೊಳಗ ಮ್ಯಾಲ ಹೋದದ್ದನ್ನೆಲ್ಲಾ ಕೂಡಿಸಿದ್ರ ಸಪಾಟ ದಾರಿಯಾಗೂ ಗುಡ್ಡ ಹುಟ್ಟತದ.

ಹಳೇ_ಚೈನು (ಹಾವೇರಿ):

ಅವರು ಹೇಳಿದ್ದು ಬರೋಬ್ಬರಿ. ನಾ ಒಂದು ಕೈಲೆಕ್ಕ ಹೇಳ್ತೀನಿ, ಮಶೀನು ಬ್ಯಾಡ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ (ಟೋಪೋ ಶೀಟ್) ತಗೋ, ಅದರಾಗ ಸಮಾನ ಎತ್ತರದ ಗೆರಿ 20 ಮೀಟರಿಗೊಂದು ಇರ್ತೈತಿ. ನಿನ್ನ ದಾರಿ ಮ್ಯಾಲಕ್ಕ ಹೋಗೂವಾಗ ಎಷ್ಟು ಗೆರಿ ದಾಟಿತು ಎಣಿಸಿ 20ರಿಂದ ಗುಣಸು. ಇಪ್ಪತ್ತು ಗೆರಿ ಬಂದ್ರ 400, ನಿನ್ನ ಹ್ಯಾಂಡ್‌ಹೆಲ್ಡಿನ 410 ಜೋಡಿ ಕೂಡಿತು ಅಂತ ತಿಳಿ. ದೂರಕ್ಕ ಮಾತ್ರ ಆ ಶೀಟನ್ನ ನಂಬಬ್ಯಾಡ, ಒಂದು ಸೆಂಟಿಮೀಟರಿಗೆ ಅರ್ಧ ಕಿ.ಮೀ. ಆಗ್ತೈತಿ, ಕಾಲ್ದಾರಿಯ ಸಣ್ಣ ಡೊಂಕು ಅದರಾಗ ಬಿಡಿಸಾಕ ಜಾಗಾನ ಇಲ್ಲ, ದಾರದಿಂದ ಅಳದ್ರೂ ಕಡಿಮಿನ ಬರ್ತೈತಿ.

ಅರ್ಜಿಯೊಳಗ ಮತ್ತ ಚೀಟಿಯೊಳಗ "ಸುಮಾರು 12 ಕಿ.ಮೀ., ಏರು ಸುಮಾರು 400 ಮೀಟರ್" ಅಂತ ಬರಿ. 12.03 ಅಂತ ಬರಿಯೂದು ಬ್ಯಾಡ, ಅಷ್ಟು ಸೂಕ್ಷ್ಮ ಅಳತಿ ನಿಮ್ಮ ಕಡೆ ಇಲ್ಲ. ಅದಕ್ಕಿಂತ ಹೆಚ್ಚಿಗಿ ವೇಳೆ ಬರಿ, ಯಾಕಂದ್ರ ಮಂಡಿ ನೋವಿನಾಕಿಗೆ ಕಿ.ಮೀ.ಕಿಂತ ಎಷ್ಟು ತಾಸು, ಎಲ್ಲಿ ಕೂಡ್ರಾಕ ನೆರಳು, ಎಲ್ಲಿಂದ ಹೊಳ್ಳಿ ಬರಾಕ ಬರ್ತೈತಿ ಅನ್ನೂದು ಬೇಕು.

ಹುಬ್ಬಳ್ಳಿ_ಓಟಗಾರ:

ವೇಳೆಗೆ ಒಂದು ಹಳೇ ಸೂತ್ರ ಐತ್ರಿ, ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನಾಂವ 1892ರಾಗ ಹೇಳಿದ್ದು, ಇವತ್ತಿಗೂ ಚಾರಣದವ್ರು ಬಳಸ್ತಾರ. 5 ಕಿ.ಮೀ.ಗೆ ಒಂದು ತಾಸು, ಅದರ ಮ್ಯಾಲ 600 ಮೀಟರ್ ಏರಿಗೆ ಇನ್ನೊಂದು ತಾಸು. ನಿಮ್ಮ 12 ಕಿ.ಮೀ.ಗೆ ಎರಡು ತಾಸು 24 ನಿಮಿಷ, 400 ಮೀಟರಿಗೆ 40 ನಿಮಿಷ, ಒಟ್ಟು ಮೂರು ತಾಸು ಚಿಲ್ರೆ. ಇದು ಗಟ್ಟಿ ನಡಿಯೂ ದೊಡ್ಡವರ ಲೆಕ್ಕ, ವಿಶ್ರಾಂತಿ ಸೇರಿಲ್ಲ. ಹುಡುಗ್ರು ತಾಯಂದ್ರು ಕೂಡಿದ ಗುಂಪಿಗೆ ನಾ ಆದ್ರ ಒಂದೂವರಿಪಟ್ಟು ಹಿಡದು ಊಟಕ್ಕ ಒಂದು ತಾಸು ಬ್ಯಾರೆ ಕೊಡ್ತೀನಿ, ಅಂದ್ರ ಐದೂವರಿ ಆರು ತಾಸು. ಗುಡ್ಡದ ಬೆನ್ನ ಮ್ಯಾಲ ಗಿಡದ ನೆರಳು ಕಡಿಮಿ, ಹುಲ್ಲುಗಾವಲ ಹೆಚ್ಚು, ಜಿಪಿಎಸ್ಸಿಗೆ ಅದು ಚಲೋ, ನಡಿಯೂ ಮಂದಿಗೆ ಅಲ್ಲ, ಹಂಗಾಗಿ ಹೊತ್ತು ಹುಟ್ಟೂವಷ್ಟರಾಗ ಬುಡದಾಗ ಇರ್ರಿ.

ಮುಂದ ಯಾವಾಗರ ದಾಂಡೇಲಿ, ಕ್ಯಾಸಲ್‌ರಾಕ್ ಕಡೆ ದಟ್ಟ ಅಡವಿಗೆ ಹೋದ್ರ ಕಪ್ಪತಗುಡ್ಡದಾಗ ಬಂದಷ್ಟು ಕೂಡೂವಿಕೆ ಬರ್ತೈತಿ ಅಂತ ಹಿಡೀಬ್ಯಾಡ್ರಿ. ಅಲ್ಲಿ ಎಲಿ ಛಾವಣಿ ಕೆಳಗ, ಅದೂ ಮಳಿ ಬಂದು ಎಲಿ ತೊಯ್ದಿದ್ರ, ಇವ ಮಶೀನು ಇದಕ್ಕಿಂತ ಭಾಳ ಹೆಚ್ಚು ತಪ್ಪತಾವು.

ಗದಗ_ಟೀಚರ್:

ಬರಕೊಂಡೆ ಎಲ್ಲಾ. ಕಡೀದೊಂದು ಪ್ರಶ್ನೆ. ನಮ್ಮ ಶಾಲಿ ಕಪಾಟಿನ್ಯಾಗ ಹಳೇ ಟೋಪೋ ಶೀಟ್ ಒಂದು ಸಿಕ್ಕಿತು, ಗೆರಿ ಎಣಿಸೂಣ ಅಂತ ಸ್ಕ್ಯಾನ್ ಮಾಡಿ ನಮ್ಮ ಟ್ರ್ಯಾಕ್ ಅದರ ಮ್ಯಾಲ ಇಟ್ರ ಪೂರಾ ದಾರಿನ ಒಂದ ಕಡೆ ಸರದು ಕುಂತೈತಿ, ಆಕಾರ ಮಾತ್ರ ಬರೋಬ್ಬರಿ ಐತಿ. ಇದೂ ಜಿಪಿಎಸ್ ತಪ್ಪೇನ್ರಿ?

ಹಳೇ_ಚೈನು (ಹಾವೇರಿ):

ಅಲ್ಲವಾ ತಂಗೀ. ಹಳೇ ಶೀಟು ಎವರೆಸ್ಟ್ ಅನ್ನೂ ಲೆಕ್ಕದ ಭೂಮಿ ಆಕಾರ ಹಿಡದು ಮಾಡಿದ್ದು, ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನೂ ಬ್ಯಾರೆ ಆಕಾರ ಹಿಡೀತೈತಿ, ಎರಡರ ಅಕ್ಷಾಂಶ ರೇಖಾಂಶ ಒಂದ ಜಾಗಾಕ್ಕ ಕೂಡೂದಿಲ್ಲ. ಪೂರಾ ಟ್ರ್ಯಾಕ್ ಒಟ್ಟಿಗೆ ಸರದೈತಿ, ಆಕಾರ ಕೆಟ್ಟಿಲ್ಲ ಅಂದ್ರ ದೂರಕ್ಕ ಏನೂ ಫರಕ್ ಇಲ್ಲ. ಈಗಿನ ಓಪನ್ ಸಿರೀಸ್ ಶೀಟು ಡಬ್ಲ್ಯುಜಿಎಸ್ 84ರ ಮ್ಯಾಲನ ಮಾಡ್ಯಾರ, ಸರ್ವೆ ಆಫ್ ಇಂಡಿಯಾದವರ ಕಡೆ ಆನ್‌ಲೈನ್ ಸಿಗ್ತಾವು, ಅದನ್ನ ಇಳಿಸ್ಕೊಂಡು ಅದರ ಮ್ಯಾಲ ಟ್ರ್ಯಾಕ್ ಇಟ್ಟು ಗೆರಿ ಎಣಿಸು. ಅರ್ಜಿ ಜೋಡಿ ಹಚ್ಚೂ ನಕ್ಷೆಗೂ ಹೊಸಾ ಶೀಟನ್ನ ಬಳಸು, ಇಲಾಖೆದವ್ರು ತಮ್ಮ ಮಶೀನಿನ್ಯಾಗ ಹಾಕಿ ನೋಡಿದ್ರ ದಾರಿ ಇದ್ದಲ್ಲೇ ಬರ್ತೈತಿ.